ಪಾನಾದ ಎರಡನೇ ಪೆಟ್ಟು

ವಿಶಾಲ, ನಗೂದಿದ್ರ ಹೊರಗ ಹೋಗಿ ನಕ್ಕು ಬಾ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ಕಾಕಾನ ಮಗ ಶಶಿಕಾಂತಗ ಆಗಿದ್ದು, ಹೋದ ವರ್ಷ, ತಾರಿಹಾಳದಾಗ. ಅಂವನ ಬಲಗೈ ಮಣಿಕಟ್ಟಿನ ಸುತ್ತ ಗಾಯದ ಗುರ್ತು ಐತಲ್ಲ, ಕೇಳಿದ್ರ "ಕೆಲಸದಾಗ ತರಚೇತಿ" ಅಂತಾನ. ನನಗೊಬ್ಬಾಕಿಗೆ ಖರೇ ಹೇಳ್ಯಾನ.

ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಗ್ಯಾರೇಜ್ ಬಾಗಲಾ ಹಾಕಿ ಒಬ್ಬನೇ ಮನಿಗೆ ಹೊಂಟಿದ್ದ. ಹಿಂದಿನ ಬಯಲಾಗ ಒಂದು ಹಾಳುಬಾವಿ, ಬಾವಿ ಮಗ್ಗಲಕ ಆಲದ ಮರ, ಮರದ ಕೆಳಗ ಗುರುಶಿದ್ದಪ್ಪನ ಹಳೇ ಲಾರಿ. ಎರಡು ವರ್ಷ ನಿಂತಲ್ಲೇ ನಿಂತಿತ್ತದು. ಡೀಸೆಲ್ ಬಿಡಿಸಿ ಗ್ಯಾಸಿನ ಮ್ಯಾಲ ಓಡಿಸಿ ಕೊಡು ಅಂತ ಗುರುಶಿದ್ದಪ್ಪ ಗಂಟು ಬಿದ್ದಿದ್ದ. ಡೀಸೆಲ್ಲಿಗೆ ಕಿಡಿ ಬೇಕಾಗೂದಿಲ್ಲ, ಗ್ಯಾಸಿಗೆ ಬೇಕು. ಅದಕ್ಕ ಶಶಿ ಪ್ಲಗ್, ಸೆನ್ಸರ್, ಕಾಯಿಲ್ ಎಲ್ಲಾ ಹೊಸಾ ಮಾಲು ತಂದಿದ್ದ. ಪ್ಲಗ್ ಹಾಕಿದ್ದ. ಸೆನ್ಸರ್ ಸರಿ ಕುಂತಿರಲಿಲ್ಲ. ಕಿಡಿ ಕೊಡೂದು ಕಾಯಿಲ್, ಅದಿಲ್ಲಂದ್ರ ಇಂಜಿನ್ ಚಾಲೂ ಆಗೂದಿಲ್ಲ. ಅದಿನ್ನೂ ಪಾಕೀಟಿನಾಗ, ಮನಿಯಾಗ ಇತ್ತು, ನಾಳೆ ಹಾಕಿದ್ರಾತು ಅಂತ.

ಲಾರಿ ಮುಂದ ಹಾಯುವಾಗ ಅಂವಗ ಅನಿಸ್ತು, ಸೆನ್ಸರಿಂದು ಒಂದ ಬೋಲ್ಟು, ಐದು ನಿಮಿಷದ ಕೆಲಸ... ಕೈ ಸುಮ್ಮನಿರಬೇಕಲ್ಲ! ಮೊಬೈಲ್ ಬೆಳಕ ಹಚ್ಚಿ, ಲಾರಿ ಚಾವಿ ಕಿಸೆದಾಗ ಇಟಗೊಂಡು, ಕೆಳಗ ಹೊಕ್ಕ.

ಇಲ್ಲೊಂದು ಮಾತು ಹೇಳಬೇಕು. ಅವರ ಗ್ಯಾರೇಜಿನಾಗ ಒಬ್ಬ ಕೆಳಗ ಇಂಜಿನ್ನಿಗೆ ಕೈ ಹಾಕಿದ್ರ ಇನ್ನೊಬ್ಬ ಮ್ಯಾಲ ಕ್ಯಾಬಿನ್ನಿನಾಗ ಕುಂದರತಾನ. ಸುತ್ತ ಫ್ಯಾಕ್ಟರಿ ಗದ್ದಲ, ಬಾಯಿ ಮಾತು ಕೇಳೂದಿಲ್ಲ. ಕೆಳಗಿನಂವ ಪಾನಾಲೆ, ಅಂದ್ರ ಬೋಲ್ಟ್ ತಿರುವೂ ಸ್ಪ್ಯಾನರಿಲೆ, ಕಬ್ಬಿಣಕ್ಕ ಬಡೀತಾನ. ಒಂದು ಪೆಟ್ಟು ಅಂದ್ರ ತಡಿ. ಎರಡು ಪೆಟ್ಟು ಅಂದ್ರ ಸೆಲ್ಫ್ ಹೊಡಿ, ಇಂಜಿನ್ ಚಾಲೂ ಮಾಡು. ಎರಡನೇ ಪೆಟ್ಟು ಬೀಳೂತನಕ ಮ್ಯಾಲಿನಂವ ಕೈ ಚಾವಿ ಮ್ಯಾಲಿಂದ ತಗಿಯೂದಿಲ್ಲ.

ಆ ಲಾರಿಯ ಡ್ರೈವರ್ ಫಕೀರೇಶ ಕಾಕಾ; ನಮ್ಮ ಸಂಬಂಧಿಕರಲ್ಲ, ಗ್ಯಾರೇಜಿನಾಗ ಎಲ್ಲಾರೂ ಹಂಗ ಕರೀತಿದ್ರು. ಅದಕ್ಕೂ ಎರಡು ವರ್ಷದ ಹಿಂದ ಇದೇ ಮರದ ಕೆಳಗ ಅವರು ಮ್ಯಾಲ, ಶಶಿ ಕೆಳಗ. ಶಶಿ ಒಂದು ಪೆಟ್ಟು ಕೊಟ್ಟ... ತಡೀರಿ ಅಂತ. ಆಮ್ಯಾಲ ಚಾ ಕುಡಿಯಾಕ ಹೋಗಿ ಮಾತಿಗೆ ಕುಂತುಬಿಟ್ಟ. ಅರ್ಧಾ ತಾಸು! ತಿರಿಗಿ ಬಂದ್ರ ಕಾಕಾ ಸ್ಟೇರಿಂಗ್ ಮ್ಯಾಲ ತಲಿ ಇಟ್ಟಿದ್ರು. ಎದಿಬ್ಯಾನಿ, ಜೀವ ಹೋಗಿತ್ತು. ಕೈ ಇನ್ನೂ ಚಾವಿ ಮ್ಯಾಲ ಇತ್ತಂತ. ಆ ಸಂಕಟ ಶಶಿ ಯಾರ ಮುಂದೂ ಆಡಿಲ್ಲ.

ಈಗ ಕೇಳ್ರಿ. ಬೋಲ್ಟ್ ಬಿಗಿ ಮಾಡಿ ಕೈ ಹೊರಗ ಎಳೀತಾನ... ಬರವಲ್ದು. ಕೈಯಾಗಿನ ತಾಮ್ರದ ಕಡಗ ಇಂಜಿನ್ನಿನ ಬೆಲ್ಟ್ ಪಟ್ಟಿ ಮತ್ತು ಅದರ ಗಾಲಿ ನಡುವ ಸಿಕ್ಕೊಂಡೈತಿ. ಇಂಜಿನ್ ಒಂದು ಸುತ್ತು ತಿರುಗಿದ್ರ ಕೈ ಹೋತು.

ಅಷ್ಟರಾಗ ಮ್ಯಾಲ... ಕಿರ್ರ್‌... ಧಪ್. ಕ್ಯಾಬಿನ್ ಬಾಗಲಾ.

ಸೀಟಿನ ಸ್ಪ್ರಿಂಗು, ಕಿಂಯ್ಕ್... ಆಮ್ಯಾಲ ತಂಬಾಕದ ಡಬ್ಬಿ ಮುಚ್ಚಿದ್ದು, ಟಕ್.

"ಶಶೀ... ಹೊಡೀಲೇನಪಾ?"

ಪಿಸುಮಾತು. ಫಕೀರೇಶ ಕಾಕಾನ ದನೀನೇ. ನನ್ನ ಮಕ್ಕಳಾಣೆ, ಶಶಿ ನನಗ ಹಿಂಗ ಹೇಳ್ಯಾನ.

"ಬ್ಯಾಡ್ರಿ ಕಾಕಾ, ಕೈ ಐತ್ರಿ..." ಅನ್ನಬೇಕಂತಾನ, ದನಿ ಹೊಂಡವಲ್ದು. ಎಡಗೈಯಾಗ ಪಾನಾ ಐತಿ. ಒಂದು ಪೆಟ್ಟು ಕೊಡಬೇಕು. ಒಂದ. ಆದ್ರ ಎಡಗೈಗೆ ರೂಢಿಯಿಲ್ಲ... ಅಪ್ಪಿತಪ್ಪಿ ಇನ್ನೊಮ್ಮಿ ತಾಗಿದ್ರ?

ಠಣ್.

ಬಡದಂವನೇ ಪಾನಾ ಎದಿಗೆ ಅವಚಿ ಹಿಡದ.

ಮ್ಯಾಲ ಸೀಟು ಇನ್ನೊಮ್ಮಿ ಕಿಂಯ್ಕ್ ಅಂತು. ಆಮ್ಯಾಲ ಮೆಲ್ಲಕ...

"ಈ ಸಲಾನೂ ಒಂದನ ಏನೋ?"

ಶಶಿ ಜೀವಾ ಬಿಟ್ಟು ಕೈ ಜಗ್ಗಿದ. ಚರ್ಮ ಕಿತ್ತು ಬಂತು, ಕಡಗ ಅಲ್ಲೇ ಉಳೀತು. ಹೊರಗ ಬಿದ್ದು ಓಡಿದ. ಬಾವೀತನಕ ಓಡಿದಂವಾ ಅಲ್ಲೇ ನಿಂತ. ಇನ್ನೊಮ್ಮಿ ಅವರನ್ನ ಕುಂದರಿಸಿ ಹೋದ್ರ ಹ್ಯಾಂಗ ಅಂತ ಅಳು ಬಂತಂತ. ಅಂಜಿಕಿನೂ ಅಷ್ಟ ಇತ್ತು. ಒಂದೊಂದ ಹೆಜ್ಜಿ ಇಟ್ಟು ತಿರಿಗಿ ಬಂದು, ದೂರಿಂದನ ಕೈ ಚಾಚಿ ಪಾನಾಲೆ ಬಂಪರಿಗೆ ಬಡದ.

ಠಣ್... ಠಣ್.

ಕುರ್ರ್‌ರ್... ಕುರ್ರ್‌ರ್... ಧಡ್ ಧಡ್ ಧಡ್ ಧಡ್! ಇಂಜಿನ್ ಚಾಲೂ ಆತು. ಚಾವಿ ಇಂವನ ಕಿಸೆದಾಗ. ಒಂದು ನಿಮಿಷ ಓಡಿ ತಾನೇ ಬಂದ್ ಆತು. ಕಿರ್ರ್‌... ಧಪ್. ಬಾಗಲಾ ಹಾಕಿದ ಸಪ್ಪಳ. ಯಾರೂ ಇಳಿದಿದ್ದು ಕಾಣಲಿಲ್ಲ.

ಮನಿಗೆ ಬಂದ್ರ ಹೆಂಡ್ತಿ ಸುಕನ್ಯಾ ರಕ್ತ ನೋಡಿ ಚೀರಿದಳು. ಅರಿಷಿಣ ಒತ್ತಿ ಬಟ್ಟಿ ಕಟ್ಟಿದಳು. ಅಂವಾ ಅಕಿ ಕಡೆ ನೋಡಲೇ ಇಲ್ಲ, ಗ್ವಾಡಿ ಮಾಡದಾಗ ಇದ್ದ ಕಾಯಿಲ್ ಪಾಕೀಟು ನೋಡಾಕತ್ತಿದ್ದ.

ಸುಳ್ಳಂತೀರಿ? ನಾಳೆ ಸುಕನ್ಯಾನ್ನ ಆ ಪಾಕೀಟಿಂದು ಕೇಳ್ರಿ. ಮರುದಿನ ಮುಂಜಾನೆ ನಾನೂ ಅವರ ಮನಿಯಾಗ ಇದ್ನಿ, ಅದನ್ನ ಕೈಯಾಗ ಹಿಡದು ನೋಡೇನಿ. ಹೊಸಾ ಕಾಯಿಲ್ ಒಳಗ ಇತ್ತು, ಪಾಕೀಟಿನ ಮ್ಯಾಲಿನ ಟೇಪು ಇನ್ನೂ ಹರದಿರಲಿಲ್ಲ.