ಪಾಲಾಗದ ಸಾವಿರದ ಒಂಬತ್ತು ಕುರಿ

ಹೂಂ ಅನ್ನೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಒಂದಾನೊಂದು ನಾಡು. ಹೆಸರು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಅಲ್ಲಿ ಮಾಳವ್ವ ಅಂತ ಕುರಿ ಕಾಯೋ ಮುದುಕಿ. ಮೂರು ಗಂಡುಮಕ್ಕಳು: ದೊಡ್ಡೋನು ಬೀರ, ನಡುವಿನೋನು ಹಾಲ, ಕಿರಿಯೋನು ರೇವ. ಕುರಿ ಎಷ್ಟು? ಸಾವಿರದ ಒಂಬತ್ತು!

ಹುಟ್ಟುತ್ತಾ ಅಣ್ಣತಮ್ಮ, ಬೆಳೀತಾ ದಾಯಾದಿ ಅಂತಾರಲ್ಲ. ಉಣ್ಣೆ ಕತ್ತರಿಸೋ ದಿನ ಯಾರ ಹೆಂಡತಿ ಹೆಚ್ಚು ದುಡಿದಳು ಅನ್ನೋ ಮಾತು ಬಂತು, ಬೆಳೀತು, ಬೆಂಕಿಯಾಯ್ತು.

"ಕುರಿ ಪಾಲು ಮಾಡವ್ವ, ಬೇರೆ ಹೋಗ್ತೀವಿ" ಅಂದ ಬೀರ.

ಮಾಳವ್ವನ ಎದೆ ಮೇಲೆ ಕಲ್ಲು ಬಿದ್ದಂಗಾಯ್ತು. "ಕುಲದ ಕಟ್ಟಳೆಯಂಗೇ ಆಗ್ಲಿ" ಅಂದಳು.

ಆ ಕುಲದ ಕಟ್ಟಳೆ ಕೇಳಿ. ಪಾಲಿಗೊಂದು ಮುಳ್ಳುಬೇಲಿಯ ರೊಪ್ಪ ಕಟ್ಟಬೇಕು. ಸರದಿ ಮೇಲೆ ಒಂದೊಂದೇ ಕುರಿ ಒಳಗೆ ಬಿಡಬೇಕು, ಎಲ್ಲಾ ರೊಪ್ಪಕ್ಕೂ ಸಮ ಬೀಳಬೇಕು. ಆವತ್ತು ಕಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ. ಹೊತ್ತು ಮುಳುಗಿದಾಗ ಒಂದೇ ಒಂದು ಕುರಿ ಹೊರಗುಳಿದರೂ ಪಾಲು ಮುರೀತು, ಮನೆ ಒಂದೇ.

ಮೂರು ರೊಪ್ಪ ಕಟ್ಟಿದರು. "ನಂಗೊಂದು, ನಿಂಗೊಂದು, ಅವಂಗೊಂದು." ಕೊನೇಗೆ ಒಂದು ಉಳೀತು. ಯಾವುದು? ಗಬ್ಬದ ಬೂದಿ ಕುರಿ. ಹೊಟ್ಟೆಭಾರಕ್ಕೆ ಹಿಂದೆ ಬೀಳೋದು, ಪಾಪ.

"ಅವ್ವಂಗೂ ಒಂದು ಪಾಲಿಡೋಣ" ಅಂದ ಹಾಲ. ನಾಲ್ಕು ರೊಪ್ಪ ಮಾಡಿದರು. ಒಂದು ಉಳೀತು. ಅದೇ ಬೂದಿ ಕುರಿ!

"ಮೊಮ್ಮಕ್ಕಳು ಏಳು ಜನ, ತಲೆಗೊಂದು ಪಾಲು" ಅಂದ ರೇವ. ಏಳು ಮಾಡಿದರು. ಮತ್ತೂ ಒಂದು ಉಳೀತು. ಮತ್ತೂ ಬೂದಿ ಕುರಿ!

ನಂಬಿಕೆ ಇಲ್ವಾ? ಮನೆಗೆ ಹೋಗಿ ಹುಣಸೆಬೀಜ ಇಟ್ಟು ನೋಡಿ. ಐದು ಪಾಲು ಮಾಡಿ, ನಾಲ್ಕು ಉಳೀತವೆ. ಹನ್ನೊಂದು ಮಾಡಿ, ಎಂಟು ಉಳೀತವೆ.

"ಮೊಂಡು ಲೆಕ್ಕ ಕಣ್ರೋ ಇದು" ಅಂದಳು ಮಾಳವ್ವ, ಒಳಗೊಳಗೇ ನಗುತ್ತಾ. "ಎಲ್ಲಾ ಒಂದೇ ರೊಪ್ಪದಾಗೆ ಇಡ್ರಿ, ಇಲ್ಲಾ ಕುರಿಗೊಂದು ರೊಪ್ಪ ಕಟ್ರಿ. ನಡುವೆ ದಾರಿ ಇಲ್ಲ."

ಗೆದ್ದಳು ಅಂದ್ಕೊಂಡ್ರಾ? ತಾಳಿ. ಹೊತ್ತು ಇನ್ನೂ ಮುಳುಗಿರಲಿಲ್ಲ. ಹೊರಗೆ ನಿಂತಿದ್ದ ಬೂದಿ ಕುರಿ ಮಲಗಿತು, ನರಳಿತು, ಅವಳಿಮರಿ ಹಾಕಿತು!

"ಉಳಿದಿದ್ದು ಒಂದು, ಈಗ ಮೂರು!" ಬೀರ ಕುಣಿದ. ಮತ್ತೆ ಮೂರು ರೊಪ್ಪಕ್ಕೆ ಬಿಟ್ಟರು. ತಾಯಿಕುರಿ ಬೀರನಿಗೆ, ಒಂದು ಮರಿ ಹಾಲನಿಗೆ, ಒಂದು ಮರಿ ರೇವನಿಗೆ. ಸಾವಿರದ ಹನ್ನೊಂದು ಮೂರು ಸಮಪಾಲಾಯ್ತು. ಮಾಳವ್ವ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಆಗ ಆ ಬೇಲಿಯಿಂದ ಮರಿ "ಮ್ಯಾ" ಅಂತು. ಈ ಬೇಲಿಯಿಂದ ಮರಿ "ಮ್ಯಾ" ಅಂತು. ನಡುವೆ ಕೆಚ್ಚಲ ಹಾಲು ಸುರಿಸ್ಕೊಂಡು ತಾಯಿ ಮುಳ್ಳಿಗೆ ಮೈಯೊಡ್ಡಿತು.

"ಅಣ್ಣಾ, ನನ್ನ ಮರೀನ ತಾಯಿ ಹತ್ರ ಬಿಟ್ಕೋ" ಅಂದ ರೇವ.

"ಬಿಟ್ಕೊಂಡ್ರೆ ಪಾಲು ಕೆಡ್ತದೆ ಕಣೋ."

"ಬಿಡದಿದ್ರೆ ಮರಿ ಕೆಡ್ತದೆ."

ಬೀರ ತಾಯಿಕುರಿ ನೋಡಿದ. ತಮ್ಮಂದಿರನ್ನ ನೋಡಿದ. ಮುಖ ಮುಚ್ಚಿಕೊಂಡ ಅವ್ವನ್ನ ನೋಡಿದ. ಬರಿಗೈಲಿ ಎರಡೂ ಕಡೆ ಮುಳ್ಳುಬೇಲಿ ಹಿಡಿದು ಎಳೆದ. ಅಂಗೈಲಿ ರಕ್ತ. ಮರಿಗಳು ಓಡಿ ಬಂದು ಕೆಚ್ಚಲಿಗೆ ಬಾಯಿ ಹಾಕಿದವು. ಹಿಂದೇನೇ ಮೂರು ರೊಪ್ಪದ ಕುರೀನೂ ನುಗ್ಗಿ ಒಂದಾದವು.

"ನಾಳೆ ಮತ್ತೆ ಪಾಲು ಕೇಳ್ತೀಯೇನಪ್ಪಾ?" ಅಂದಳು ಮಾಳವ್ವ.

"ಮರಿ ಕುಡೀಲಿ, ಸುಮ್ಮನಿರವ್ವ" ಅಂದ ಬೀರ, ಅವಳ ಸೆರಗಿಗೇ ಅಂಗೈ ಒರೆಸುತ್ತಾ.

ಅವರ ರೊಪ್ಪ ತುಂಬಿತು, ನನ್ನ ಮಾತು ತೀರಿತು. ಹೂಂಗುಟ್ಟಿದ ಬಾಯಿಗೆಲ್ಲ ಗಿಣ್ಣ ಬೀಳಲಿ.