ಹುಣಸೆಹುಳಿಯಲ್ಲಿ ತೊಳೆದ ಫ್ರಾಂಕರ ಬಕಲ್

ಹೆಸರು: ಹರಿಣಾಕ್ಷಿ, ಗಂಡ ದಿವಂಗತ ಕೊರಗಪ್ಪ. ವಯಸ್ಸು: 51. ಉದ್ಯೋಗ: ಮನೆಗೆಲಸ. ವಾಸ: ಶ್ರೀ ಆನ್ಸೆಲ್ಮ್ ಅವರ ವಿಲ್ಲಾ, ಮೊಹಮ್ಮದ್ ಬಿನ್ ಜಾಯೆದ್ ಸಿಟಿ, ಅಬುಧಾಬಿ.

ದುಭಾಷಿ ಸುಜಿತ್ ಅವರ ಮೂಲಕ ನಾನು ತಿಳಿಸಿಕೊಳ್ಳುವುದೇನೆಂದರೆ, ಈ ಮನೆಯಲ್ಲಿ ಒಂಬತ್ತು ವರ್ಷದಿಂದ ಕೆಲಸಕ್ಕಿದ್ದೇನೆ. ಆನ್ಸೆಲ್ಮ್ ಸಾರ್ ಹಳೆಯ ಲೋಹದ ಸಾಮಾನು ಕೂಡಿಡುವವರು. ಅದರಲ್ಲಿ ಅಂಗೈ ಅಗಲದ ಒಂದು ಬೆಲ್ಟ್ ಬಕಲ್ ಇತ್ತು. ಈಗಿನ ಫ್ರಾನ್ಸಿನ ಕಡೆ ಫ್ರಾಂಕರೆಂಬ ಜನ ಸಾವಿರದ ಮುನ್ನೂರು ವರ್ಷದ ಹಿಂದೆ ಸೊಂಟಕ್ಕೆ ಕಟ್ಟುತ್ತಿದ್ದುದಂತೆ. ಅದು ನನಗೆ ಗೊತ್ತಾದದ್ದು, ಅದರ ಹಸಿರು ಕಿಲುಬಿಗೇ ಬೆಲೆಯೆಂದು ತಿಳಿದದ್ದು, ನಿನ್ನೆ ಪೊಲೀಸರು ಬಂದ ಮೇಲೆ. ನನ್ನ ಕಣ್ಣಿಗೆ ಅದು ಕಿಲುಬು ಹಿಡಿದ ಹಿತ್ತಾಳೆ, ಮಧ್ಯೆ ಒಂದು ಕೆಂಪು ಹರಳು.

ನಿನ್ನೆ ಶುಕ್ರವಾರ ಬೆಳಿಗ್ಗೆ 9.15ಕ್ಕೆ ಸಾರ್ ಅವರ ಹೆಂಡತಿ ಜಾನಿಸ್ ಮೇಡಂ, ಸಂಜೆ ಗೆಸ್ಟ್ ಬರ್ಲಿಕ್ಕುಂಟು, ಹಾಲ್‌ನಲ್ಲಿರುವ ಹಿತ್ತಾಳೆಯದ್ದೆಲ್ಲ ತಿಕ್ಕಿಡು ಎಂದು ಹೇಳಿ ಹೊರಗೆ ಹೋದರು. ಬಕಲ್ ಅದನ್ನಿಡುವ ಪೆಟ್ಟಿಗೆಯಿಂದ ಹೊರಗೆ, ಮೇಣದಬತ್ತಿಯ ಕಂಬಗಳಿಂದ ಒಂದು ಗೇಣು ದೂರದಲ್ಲಿತ್ತು. ಶುಕ್ರವಾರ ದೀಪಕ್ಕೆ ಕಿಲುಬು ಕಂಡರೆ ನಮ್ಮಲ್ಲಿ ಮನೆಯ ಹೆಂಗಸಿಗೆ ನಾಚಿಕೆ. ಕಂಬಗಳ ಜೊತೆ ಅದನ್ನೂ ಹುಣಸೆಹುಳಿ, ಉಪ್ಪಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ತೆಂಗಿನ ನಾರಿನಿಂದ ತಿಕ್ಕಿದೆ. ಹಾವುಗಳನ್ನು ಹೆಣೆದಂಥ ಗೆರೆಗಳು ಎದ್ದು ಬಂದವು. ನಿಜ ಹೇಳಬೇಕೆಂದರೆ ಹೆಮ್ಮೆಯಾಯಿತು. ಹರಳು ಹೋದದ್ದು ಗಮನಿಸಲಿಲ್ಲ.

12.40ಕ್ಕೆ ಸಾರ್ ಬಂದು ಬಕಲ್ ಕೈಗೆತ್ತಿಕೊಂಡರು. ಇದು ಹೊಸದು, ನನ್ನದಲ್ಲ, ಅಸಲಿ ಯಾರಿಗೆ ಕೊಟ್ಟೆ ಎಂದು ಕೇಳಿದರು. ನಾನು ತಿಕ್ಕಿದ್ದೆಂದೆ. ಅಷ್ಟು ವರ್ಷದ ಹಸಿರು ಒಂದು ಬೆಳಿಗ್ಗೆಯಲ್ಲಿ ಹೋಗ್ತದಾ ಎಂದರು. ಜೋರು ಮಾಡಲಿಲ್ಲ. ಪೊಲೀಸರಿಗೆ ಫೋನ್ ಮಾಡಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಹುಣಸೆಯ ಚರಟವನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. 1.10ಕ್ಕೆ ಅದನ್ನು ಕಿವುಚಿದಾಗ ಹರಳು ಬೆರಳಿಗೆ ಸಿಕ್ಕಿತು. ಕೈಯಲ್ಲಿ ಕಂಡರೆ ಕಳ್ಳಿ ಎನ್ನುತ್ತಾರೆ, ಜೈಲು, ನನ್ನ ಕಥೆ ಖಲಾಸ್ ಎಂದು ಹೆದರಿ ಅಕ್ಕಿ ಡಬ್ಬಿಯೊಳಗೆ ಹುಗಿದೆ. 2.30ಕ್ಕೆ ಬಂದ ಪೊಲೀಸರಿಗೂ ಹೇಳಲಿಲ್ಲ. ಅದು ನನ್ನ ತಪ್ಪು.

ಇಂದು 10.20ಕ್ಕೆ ಹಸಿರು ಚರಟವನ್ನೂ ಹರಳನ್ನೂ ನಾನೇ ತಂದು ಸ್ಟೇಷನ್ನಿನಲ್ಲಿ ಒಪ್ಪಿಸಿದ್ದೇನೆ. ಹರಳು ಬಕಲ್ಲಿನ ಗುಳಿಯಲ್ಲಿ ಕೂತರೆ ನಾನು ಕದ್ದಿಲ್ಲವೆಂದಾಗುತ್ತದೆ. ಹಾಳು ಮಾಡಿದ್ದು ನಾನೇ ಎಂದೂ ಆಗುತ್ತದೆ.

ಸಾರ್ ಎದುರಿನ ಕುರ್ಚಿಯಲ್ಲಿದ್ದರು. ಅಧಿಕಾರಿಗಳು ಹರಳು ಇಟ್ಟು ನೋಡಿದರು. ಕೂತಿತು. ಸಾರ್ ನನ್ನ ಮುಖ ನೋಡದೆ, ನೀನು ಕದ್ದಿದ್ರೆ ಒಳ್ಳೆದಿತ್ತು ಹರಿಣಾಕ್ಷಿ, ಅದು ಎಲ್ಲಿಯಾದ್ರೂ ಇರ್ತಿತ್ತು ಎಂದರು.

ಬರೆದುಕೊಂಡದ್ದನ್ನು ಸುಜಿತ್ ಅವರು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಷ್ಟೇ ಇದೆ, ಎಲ್ಲವೂ ನಿಜ.

ಸ್ಥಳ: ಅಬುಧಾಬಿ
ದಿನಾಂಕ: 15-11-2025
ಸಹಿ: ಹರಿಣಾಕ್ಷಿ