ನಲವತ್ತು ದಿನ ಕೇಳಿ ಆರಿಸಿದ ರೇಡಿಯೋ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಅಂಧರ ನಿವಾಸದ ಮೇಲ್ವಿಚಾರಕಿಯವರೇ, ಈ ಸಮಾರಂಭಕ್ಕಾಗಿ ಹದಿನೈದು ದಿನ ಮನೆಮಠ ಮರೆತು ಓಡಾಡಿದ ಕಾರ್ಯದರ್ಶಿಗಳೇ, ಶಾರ್ಟ್‌ವೇವ್ ಕೇಳುಗರ ಕೂಟದ ಸದಸ್ಯರೇ, ಅವರ ಬಲವಂತಕ್ಕೆ ಬಂದು ಕುಳಿತಿರುವ ಅವರ ಮನೆಯವರೇ, ಸಭಿಕರೇ,

ಕುಳಿತೇ ಮಾತನಾಡುತ್ತೇನೆ, ಕ್ಷಮಿಸಿ. ಮೊಣಕಾಲು ಈಗ ನನ್ನ ಮಾತು ಕೇಳುವುದಿಲ್ಲ.

ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ ‘ಶಾರ್ಟ್‌ವೇವ್ ರೇಡಿಯೋ ಆರಿಸುವುದು ಹೇಗೆ’. ಇಪ್ಪತ್ತೆರಡು ವರ್ಷಗಳಿಂದ ವಾರ್ಷಿಕೋತ್ಸವದಲ್ಲಿ ಅವರು ನನಗೆ ಕೊಡುತ್ತಿರುವುದು ಇದೊಂದೇ ವಿಷಯ. ಹೇಳಿ ಹೇಳಿ ನನಗೆ ಸಾಕಾಗಿದೆ, ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು. ಆದರೆ ಈ ಸಲ ಒಂದು ವ್ಯತ್ಯಾಸವಿದೆ. ನನಗೆ ಸನ್ಮಾನ ಮಾಡಿದ್ದೀರಿ. ನನ್ನ ಶಿಫಾರಸಿನ ಮೇಲೆ ಕೂಟವು ಅಂಧರ ನಿವಾಸಕ್ಕೆ ಹನ್ನೆರಡು ರೇಡಿಯೋ ಕೊಡಲಿದೆ ಎಂದು ಅಧ್ಯಕ್ಷರು ಈಗಷ್ಟೇ ಘೋಷಿಸಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನ್ನ ಸಹಿಯಿಲ್ಲದೆ ಕೂಟ ಯಾವ ಸೆಟ್ಟನ್ನೂ ಕೊಳ್ಳುವುದಿಲ್ಲ ಎಂಬುದು ನಿಮ್ಮದೇ ನಿಯಮ. ಆ ಶಿಫಾರಸು ಪತ್ರ ಇಗೋ, ಈ ಮೇಜಿನ ಮೇಲಿದೆ. ನಾನಿನ್ನೂ ಸಹಿ ಹಾಕಿಲ್ಲ. ಯಾಕೆ ಹಾಕಿಲ್ಲ ಎಂಬುದನ್ನು ವಿಷಯದ ಜೊತೆಗೇ ಹೇಳಿಬಿಡುತ್ತೇನೆ.

ಹೊಸಬರಿಗಾಗಿ ಮೊದಲು ವಿಷಯ. ಶಾರ್ಟ್‌ವೇವ್ ಎಂದರೆ ಆಕಾಶದ ಮೇಲ್ಪದರಕ್ಕೆ ತಾಗಿ ಮತ್ತೆ ನೆಲಕ್ಕೆ ಬರುವ ಅಲೆ. ಹಾಗಾಗಿಯೇ ಸಾವಿರಾರು ಮೈಲಿ ಆಚೆಯ ಒಂದು ಕೋಣೆಯಲ್ಲಿ ಯಾರೋ ಓದುವ ಹವಾಮಾನ ವರದಿ ನಿಮ್ಮ ಅಡುಗೆಮನೆಗೆ ಬರುತ್ತದೆ. ಆ ಮಳೆ ನಿಮ್ಮ ತಲೆಯ ಮೇಲೆ ಬೀಳುವುದಿಲ್ಲ. ಆದರೂ ಕೇಳುತ್ತೀರಿ. ಯಾಕೆ ಕೇಳುತ್ತೀರಿ ಎಂದು ನಿಮ್ಮ ಮನೆಯವರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನಮ್ಮ ಮನೆಯಲ್ಲೂ ಕೊಟ್ಟಿಲ್ಲ.

ಸೆಟ್ಟು ಕೊಳ್ಳುವಾಗ ಎಷ್ಟು ದೂರದ್ದು ಹಿಡಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅಕ್ಕಪಕ್ಕದ ಎರಡು ನಿಲಯಗಳನ್ನು ಬೇರೆ ಮಾಡುತ್ತದೆಯೇ ಎಂದು ಕೇಳಿ. ಎಲ್ಲವನ್ನೂ ಹಿಡಿದು ಕಲಸಿ ಕೊಡುವ ಸೆಟ್ಟು ಸಂತೆಯಿದ್ದ ಹಾಗೆ. ನಿಲಯ ಹುಡುಕುವ ಗುಂಡಿ ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗಬೇಕು. ಬ್ಯಾಟರಿಯಲ್ಲಿ ನಡೆಯಬೇಕು, ಯಾಕೆಂದರೆ ನಿಮ್ಮ ಮನೆಯ ದೀಪ, ಚಾರ್ಜರು, ಟಿವಿ ಎಲ್ಲವೂ ಗದ್ದಲ ಎಬ್ಬಿಸುತ್ತವೆ. ಕಿಟಕಿಯಿಂದಾಚೆ ಹತ್ತು ಮೀಟರ್ ತಂತಿ ಸಾಕು. ಸಣ್ಣ ಸೆಟ್ಟಿಗೆ ಐವತ್ತು ಮೀಟರ್ ತಂತಿ ಕಟ್ಟಿ, ‘ಸಾರ್, ಎಲ್ಲಾ ಸ್ಟೇಷನ್ನೂ ಒಂದರ ಮೇಲೊಂದು ಕೂತ್ಕೊಂಡಿವೆ’ ಎಂದು ದೂರು ತಂದವರು ಈ ಸಭೆಯಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ, ಅವರು ಈಗಾಗಲೇ ನಗುತ್ತಿದ್ದಾರೆ.

ಪೆಟ್ಟಿಗೆಯ ಮೇಲೆ ಬರೆಯದ ಇನ್ನೊಂದು ಗುಣವಿದೆ. ದಣಿವಾಗದೆ ಎಷ್ಟು ಹೊತ್ತು ಕೇಳಬಹುದು? ಇದನ್ನು ಅಂಗಡಿಯಲ್ಲಿ ಐದು ನಿಮಿಷ ನಿಂತು ತಿಳಿಯಲಾಗುವುದಿಲ್ಲ. ಅದಕ್ಕೇ ನಾನು ಪ್ರತಿ ಸೆಟ್ಟನ್ನೂ ನಲವತ್ತು ದಿನ ಮನೆಯಲ್ಲಿಟ್ಟುಕೊಂಡು, ದಿನಕ್ಕೆ ಎರಡು ಗಂಟೆ ಕೇಳಿ, ಪುಸ್ತಕದಲ್ಲಿ ಬರೆದು, ಆಮೇಲೆ ಸಹಿ ಹಾಕುತ್ತಿದ್ದೆ. ಇದು ನನ್ನ ಕೆಲಸದಿಂದ ಬಂದ ಅಭ್ಯಾಸ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ತಕ್ಕಡಿ ಪರೀಕ್ಷಕನಾಗಿದ್ದವನು. ಬೆನ್ನ ಹಿಂದೆ ನೀವು ನನ್ನನ್ನು ‘ತಕ್ಕಡಿ’ ಎಂದು ಕರೆಯುವುದು ನನಗೆ ಗೊತ್ತು. ಬೇಜಾರಿಲ್ಲ. ಸರಿಯಿದ್ದ ತಕ್ಕಡಿಗೆ ಮುದ್ರೆ, ಇಲ್ಲದ್ದಕ್ಕೆ ರದ್ದು ಗುರುತು. ನನ್ನ ಭಾವಮೈದುನನ ಅಂಗಡಿಯ ತಕ್ಕಡಿಗೂ ರದ್ದು ಗುರುತು ಹಾಕಿದೆ. ಎಂಟು ವರ್ಷ ಅವನು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಆ ಎಂಟು ವರ್ಷವೂ ನಾನು ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ, ಅವನ ಅಕ್ಕನ ಎದುರಿಗೇ.

ನಾನು ಮಾರುಕಟ್ಟೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಒಂದು ಅಂಗಡಿಯಲ್ಲಿ ನಿಂತರೆ ಅದರಾಚೆಯ ಹತ್ತು ಅಂಗಡಿಗಳಲ್ಲಿ ಮೌನ. ‘ಬನ್ನಿ ಸಾರ್, ಕೂತ್ಕೊಳಿ ಸಾರ್’ ಅಷ್ಟೇ. ಸಂಜೆ ಮನೆಗೆ ಬಂದು ರೇಡಿಯೋ ಹಾಕಿದರೆ ನಾನು ಬಂದೆನೆಂದು ಅದರಲ್ಲಿ ಯಾರೂ ಮಾತು ನಿಲ್ಲಿಸುತ್ತಿರಲಿಲ್ಲ. ಇರಲಿ, ಅದು ಬೇರೆ ವಿಷಯ.

ಕಳೆದ ವರ್ಷ ಬಂದ ಆ ಪುಟ್ಟ ಕಪ್ಪು ಸೆಟ್ಟು ನಿಮಗೆ ಗೊತ್ತು. ನಲವತ್ತು ದಿನ ಕೇಳಿದೆ. ‘ನಿಲಯಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ, ಧ್ವನಿ ನಿರ್ಮಲ’ ಎಂದು ಬರೆದೆ. ನಿರ್ಮಲ ಎಂಬ ಪದ ನನ್ನದೇ. ನಿಮ್ಮಲ್ಲಿ ಇಪ್ಪತ್ತಮೂರು ಜನ ನನ್ನನ್ನು ಕಣ್ಣುಮುಚ್ಚಿ ನಂಬಿ ಅದನ್ನು ಕೊಂಡಿರಿ. ಯಾರಾದರೂ ದೂರು ತಂದಿರಾ? ಒಬ್ಬರೂ ಇಲ್ಲ. ನಿರ್ಮಲವಾಗಿದೆ ಎಂದುಕೊಂಡೆ.

ಅಂಧರ ನಿವಾಸಕ್ಕೆ ಕೊಡಬೇಕೆಂದಿರುವುದೂ ಅದನ್ನೇ. ಕಳೆದ ಗುರುವಾರ ಆ ಸೆಟ್ಟು ಹಿಡಿದುಕೊಂಡು ಅಲ್ಲಿಗೆ ಹೋದೆ. ಬೆತ್ತದ ಕುರ್ಚಿ ಹೆಣೆಯುವ ಉದ್ದ ಕೋಣೆ. ಎಂಟು ಹತ್ತು ಜನ ನೆಲದ ಮೇಲೆ ಕುಳಿತು ಕೆಲಸ ಮಾಡುತ್ತಿದ್ದರು. ಸೆಟ್ಟು ಹಾಕಿ, ಒಂದು ದೂರದ ನಿಲಯ ಹಿಡಿದು, ಹೇಗಿದೆ ಎಂದು ಕೇಳಿದೆ. ಹೆಣೆಯುತ್ತಿದ್ದ ಕೈಗಳು ನಿಂತವು. ಅವರಲ್ಲಿ ಹಿರಿಯರೊಬ್ಬರು ಬಹಳ ಮರ್ಯಾದೆಯಿಂದ ಕೇಳಿದರು: “ಸಾರ್, ಆ ಸೀಟಿ ನಿಲ್ಲಿಸೋಕೆ ಆಗುತ್ತಾ?”

“ಯಾವ ಸೀಟಿ?” ಎಂದೆ.

“ಅದೇ ಸಾರ್, ಸಣ್ಣಗೆ ಕುಯ್ಯೋ ಅಂತಿದೆಯಲ್ಲ, ಸೂಜೀಲಿ ಚುಚ್ಚಿದ ಹಾಗೆ.”

“ಅದು ಸ್ಟೇಷನ್ ದೋಷ” ಎಂದು ನಿಲಯ ಬದಲಿಸಿದೆ.

“ಅಲ್ಲೂ ಇದೆ ಸಾರ್.”

ಪಕ್ಕದವರು ಅವರ ತೊಡೆ ತಟ್ಟಿ, “ಸುಮ್ನಿರೋ ಮಾರಾಯ, ಕೊಡೋಕೆ ಬಂದೋರು” ಎಂದರು. ಆಗ ಮೇಲ್ವಿಚಾರಕಿಯವರು, “ಪರವಾಗಿಲ್ಲ ಸಾರ್, ಅಭ್ಯಾಸ ಮಾಡ್ಕೋತಾರೆ” ಎಂದರು. ಅಮ್ಮಾ, ನೀವು ಈಗ ನನ್ನತ್ತ ನೋಡದೆ ನೀರಿನ ಲೋಟ ನೋಡುತ್ತಿದ್ದೀರಿ. ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳಿದಿರಿ. ಆದರೆ ದಿನವಿಡೀ ಕಿವಿಯಿಂದಲೇ ಬದುಕುವವರಿಗೆ ಅಭ್ಯಾಸ ಮಾಡಿಕೊಳ್ಳಿ ಎಂದು ಕೊಡುವ ವಸ್ತುವೇ ಅದು?

ಮನೆಗೆ ಬಂದು ಹೆಂಡತಿಯ ಮುಂದೆ ಸೆಟ್ಟು ಹಾಕಿದೆ. “ಇದರಲ್ಲಿ ಸೀಟಿ ಕೇಳಿಸುತ್ತಾ?”

“ಮೊದಲ್ನೇ ದಿನದಿಂದ.”

“ಹೇಳಬಾರದಿತ್ತಾ?”

“ಹೇಳಿದ್ನಲ್ಲ! ಅದು ಫ್ರಿಜ್ಜು ಅಂದ್ರಿ. ನಲವತ್ತು ದಿನ ಸಂಜೆ ಫ್ರಿಜ್ಜು ಆಫ್ ಮಾಡಿಸಿದ್ರಿ. ನಾಲ್ಕು ಸಲ ಹಾಲು ಒಡೀತು. ಅದಕ್ಕೂ ನನ್ನನ್ನೇ ಬೈದ್ರಿ.”

ನನ್ನ ಪುಸ್ತಕ ತೆಗೆದು ನೋಡಿದೆ. ಎರಡನೆಯ ದಿನದ ಪುಟದಲ್ಲಿ ನನ್ನದೇ ಅಕ್ಷರ: ‘ಫ್ರಿಜ್ಜಿನ ಗದ್ದಲ, ನಿವಾರಿಸಲಾಗಿದೆ’.

ಮಾರನೆಯ ದಿನ ಕಿವಿ ಪರೀಕ್ಷೆಗೆ ಹೋದೆ. ಗಾಜಿನ ಪುಟ್ಟ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಮೊದಮೊದಲು ಒತ್ತಿದೆ. ಆಮೇಲೆ ಆ ಹುಡುಗಿ ಏನೋ ಸರಿಮಾಡುತ್ತಿರಬೇಕು ಎಂದುಕೊಂಡು ಕಾಯುತ್ತ ಕುಳಿತೆ. ಬಹಳ ಹೊತ್ತಾಯಿತು. ಗಾಜು ತಟ್ಟಿ, “ಮುಂದಿನದು ಯಾವಾಗಮ್ಮ ಶುರು ಮಾಡ್ತೀಯ?” ಎಂದೆ.

“ಮುಗೀತು ಅಂಕಲ್” ಎಂದಳು.

ಸೀಟಿಯಂಥ ಸಣ್ಣ ಸದ್ದುಗಳೆಲ್ಲ ನನ್ನ ಕಿವಿಯಿಂದ ಹೋಗಿವೆಯಂತೆ. ಹೋಗಿ ಏಳೆಂಟು ವರ್ಷವಾದರೂ ಆಗಿರಬೇಕಂತೆ. ಇಲಾಖೆಯಲ್ಲಿ ನನ್ನ ತೂಕದ ಬಟ್ಟುಗಳನ್ನು ಎರಡು ವರ್ಷಕ್ಕೊಮ್ಮೆ ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿ ತೂಗಿಸುತ್ತಿದ್ದೆ. ಒಂದು ಸಲವೂ ತಪ್ಪಿಸಿದವನಲ್ಲ. ಕಿವಿಯನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಆಮೇಲೆ ಕಾರ್ಯದರ್ಶಿಗಳನ್ನು ಕೂರಿಸಿಕೊಂಡು ವಿಚಾರಿಸಿದೆ. ಒಂದೊಂದಾಗಿ ಬಾಯಿಬಿಟ್ಟರು. ಆ ಸೆಟ್ಟು ಕೊಂಡಿದ್ದ ನಮ್ಮ ಗ್ರಂಥಪಾಲಕಿಯವರು ಸೀಟಿ ಬರುತ್ತಿರುವುದು ತಮ್ಮ ಹೊಸ ದೀಪಗಳಿಂದ ಎಂದುಕೊಂಡು ಮನೆಯ ಎಲ್ಲ ದೀಪ ಬದಲಿಸಿದರಂತೆ. ಇನ್ನೊಬ್ಬರು ಪಕ್ಕದ ಮನೆಯವರ ಇನ್ವರ್ಟರ್ ವಿಷಯಕ್ಕೆ ಜಗಳ ತೆಗೆದು, ಇಂದಿಗೂ ಎರಡು ಮನೆಗೆ ಮಾತಿಲ್ಲವಂತೆ. ಔಷಧಿ ಅಂಗಡಿಯವರಂತೂ ತಮ್ಮ ಕಿವಿಯಲ್ಲೇ ಸೀಟಿ ಹುಟ್ಟಿದೆ ಎಂದು ಹೆದರಿ, ಸೆಟ್ಟಿನ ಸಮೇತ ಡಾಕ್ಟರ ಬಳಿ ಹೋದರು. “ನಿಮ್ಮ ಕಿವಿ ಚೆನ್ನಾಗಿದೆ ರೀ, ರೇಡಿಯೋಗೆ ಔಷಧಿ ಕೊಡ್ಸಿ” ಎಂದರಂತೆ ಡಾಕ್ಟರು. ನಗಿ, ನಗಿ. ನಾನೂ ನಕ್ಕೆ. ಆದರೆ ಆಮೇಲೂ ಅವರು ನನಗೆ ಹೇಳಲಿಲ್ಲ.

ಯಾಕೆ ಹೇಳಲಿಲ್ಲ? “ಗೌರವ ಸಾರ್” ಎಂದರು ಕಾರ್ಯದರ್ಶಿಗಳು. ಗೌರವವೇ ಅದು? ಒಂಬತ್ತು ವರ್ಷದ ಹಿಂದೆ ಟೈಪ್‌ರೈಟರ್ ಮೆಕ್ಯಾನಿಕ್ ಒಬ್ಬರು ಇದೇ ಸಭಾಂಗಣದಲ್ಲಿ ಎದ್ದು ನಿಂತು, “ಈ ಸೆಟ್ಟಿನ ಬಗ್ಗೆ ನೀವು ಬರೆದಿದ್ದು ಸರಿಯಿಲ್ಲ ಸಾರ್” ಎಂದರು. ನಾನು ಪುಸ್ತಕ ತೆರೆದು, ಅವರು ಕುಳಿತುಕೊಳ್ಳುವವರೆಗೂ ಓದಿದೆ. ಮೂರು ಪುಟ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮುಂದಿನ ತಿಂಗಳಿಂದ ಅವರು ಬರಲಿಲ್ಲ. ಅವರು ಯಾಕೆ ಬರುತ್ತಿಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ. ಅವರು ಹೇಳಿದ್ದು ಸರಿಯಿತ್ತೋ ಇಲ್ಲವೋ, ಈಗ ನನಗೆ ಗೊತ್ತಾಗುವ ದಾರಿಯೂ ಇಲ್ಲ.

ನನಗೆ ಸುಸ್ತಾಗಿದೆ. ಹೆಚ್ಚು ಎಳೆಯುವುದಿಲ್ಲ.

ಆ ಸೆಟ್ಟು ಇಲ್ಲಿದೆ. ಹಾಕಿದ್ದೇನೆ. ಹಸಿರು ದೀಪ ಹತ್ತಿದೆ. ಮೈಕಿನ ಹತ್ತಿರ ಹಿಡಿಯುತ್ತೇನೆ. ಸೀಟಿ ಕೇಳಿಸುವವರು ದಯವಿಟ್ಟು ಕೈ ಎತ್ತಿ.

ಯಾರೂ ಇಲ್ಲವೇ?

ನೋಡಿ, ಇದು ಗೌರವದ ಪ್ರಶ್ನೆಯಲ್ಲ. ಹನ್ನೆರಡು ಸೆಟ್ಟು, ಅಷ್ಟೇ ಜನರ ಕಿವಿ. ನನ್ನ ಕಿವಿಗೆ ಇದು ಇವತ್ತಿಗೂ ನಿರ್ಮಲವಾಗಿಯೇ ಇದೆ. ನನಗೆ ಬೇರೆ ಪುರಾವೆ ಇಲ್ಲ, ನಿಮ್ಮ ಕೈಗಳೇ ಪುರಾವೆ. ಇನ್ನೊಮ್ಮೆ ಕೇಳುತ್ತೇನೆ.

ಹಾಂ. ಔಷಧಿ ಅಂಗಡಿಯವರೇ, ಧನ್ಯವಾದ. ಗ್ರಂಥಪಾಲಕಿಯವರು. ಹಿಂದಿನ ಸಾಲಿನಲ್ಲಿ ನಾಲ್ವರು. ಬಾಗಿಲ ಬಳಿ ಇಬ್ಬರು. ಕಾರ್ಯದರ್ಶಿಗಳೇ, ಪೂರ್ತಿ ಎತ್ತಿ, ಕೆನ್ನೆ ಕೆರೆದುಕೊಂಡಂತೆ ಬೇಡ. ಅಧ್ಯಕ್ಷರೇ, ನೀವೂ. ಇನ್ನೂ ಏಳುತ್ತಿವೆ. ಇಷ್ಟೊಂದು ಕೈಗಳು. ಎತ್ತದೆ ಇರುವ ಐದಾರು ಮಂದಿ ನಾಳೆ ನನ್ನ ಜೊತೆ ಕಿವಿ ಪರೀಕ್ಷೆಗೆ ಬನ್ನಿ, ದಾರಿ ನನಗೆ ಗೊತ್ತಿದೆ.

ಮೂರನೆಯ ಸಾಲಿನಲ್ಲಿ ನನ್ನ ಹೆಂಡತಿ ಕೈ ಎತ್ತಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದಾಳೆ.

ನಿಲ್ಲಿಸಿದೆ. ದೀಪ ಆರಿತು. ಈಗ ನಿಂತಿತಲ್ಲವೇ? ನೀವೇ ಹೇಳಬೇಕು.

ಅಧ್ಯಕ್ಷರೇ, ಈ ಪತ್ರದ ಮೇಲೆ ರದ್ದು ಗುರುತು ಹಾಕಿ ನಿಮ್ಮ ಕೈಗೆ ಕೊಡುತ್ತಿದ್ದೇನೆ. ಮುಂದಿನ ಸೆಟ್ಟನ್ನು ನಲವತ್ತು ದಿನ ಬೆತ್ತದ ಕೋಣೆಯಲ್ಲಿಡಿ. ಅವರು ಕೇಳಲಿ, ಅವರು ಹೇಳಲಿ. ಒಪ್ಪಿದರೆ ದಿನವೂ ಸಂಜೆ ಹೋಗಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವ ಕೆಲಸ ನಾನು ಮಾಡುತ್ತೇನೆ. ಮಧ್ಯೆ ಬಾಯಿ ಹಾಕುವುದಿಲ್ಲ. ಹಾಕಿದರೆ ಹೊರಗೆ ಕಳಿಸಿ.

ಕೊಂಡವರಲ್ಲಿ ಕ್ಷಮೆ ಕೇಳುತ್ತೇನೆ. ಕೈ ಎತ್ತಿದವರಿಗೆಲ್ಲ ವಂದನೆಗಳು, ಮೊದಲು ಎತ್ತಿದವರಿಗೆ ಹೆಚ್ಚು ವಂದನೆಗಳು. ಚಪ್ಪಾಳೆ ಬೇಡ.

ನಮಸ್ಕಾರ.